ಸೂಟ್‌ಕೇಸಿನಲ್ಲಿ ಮೀಝಾನ್ ಕಲ್ಲು

ದಮ್ಮಾಮ್

ಮಗನೋ ತಮ್ಮನೋ ಗಲ್ಫಿನಲ್ಲಿರುವ ನಮ್ಮ ಕಡೆಯ ಹೆಂಗಸರು ವಿಮಾನ ಹತ್ತುವಾಗ ಸೂಟ್‌ಕೇಸಿನಲ್ಲಿ ಏನಿರುತ್ತದೆ ಎಂದು ಯಾರೂ ಕೇಳಬೇಕಾಗಿಲ್ಲ. ಕುಚ್ಚಲಕ್ಕಿ, ಹಲಸಿನ ಹಪ್ಪಳ, ಒಣಮೀನು, ಮಿಡಿ ಉಪ್ಪಿನಕಾಯಿ. ನನ್ನದರಲ್ಲಿ ಇವುಗಳ ನಡುವೆ ಬೈರಾಸಿನಲ್ಲಿ, ಅಂದರೆ ಟವೆಲಿನಲ್ಲಿ, ಸುತ್ತಿದ ಒಂದು ಕಲ್ಲೂ ಇತ್ತು. ಕಾರ್ಕಳದ ಕರಿಕಲ್ಲು, ಚಪಾತಿ ಮಣೆಗಿಂತ ತುಸು ಉದ್ದ, ಎರಡು ಬೆರಳು ದಪ್ಪ. ಮೇಲೆ ಕನ್ನಡದಲ್ಲಿ ನನ್ನ ತಂದೆಯ ಹೆಸರು: ಮೊಯ್ದಿನಬ್ಬ, ಕೆಳಗೆ ಉಳ್ಳಾಲ ಎಂದು ಊರು. ಗೋರಿಯ ತಲೆಯ ಕಡೆ ನಿಲ್ಲಿಸುವ ಇಂಥ ಕಲ್ಲಿಗೆ ನಾವು ಬ್ಯಾರಿಗಳು ಮೀಝಾನ್ ಕಲ್ಲು ಎನ್ನುತ್ತೇವೆ.

ಈ ಹುಚ್ಚು ನನ್ನದಲ್ಲ, ಉಮ್ಮನದು. ಉಮ್ಮ ಎಂದರೆ ನನ್ನ ತಾಯಿ, ಎಂಬತ್ತರ ಹತ್ತಿರ ಬಂದವರು. ಉಪ್ಪ, ಅಂದರೆ ನನ್ನ ತಂದೆ, ಜುಬೈಲಿನಲ್ಲಿ ಕಾರ್ಖಾನೆಗಳು ಏಳುತ್ತಿದ್ದ ಕಾಲಕ್ಕೆ ಪೈಪು ಜೋಡಿಸುವ ಕೆಲಸಕ್ಕೆ ಹೋಗಿದ್ದರು. ನಾನು ಪಿಯುಸಿಯಲ್ಲಿದ್ದೆ, ತಮ್ಮ ಹನೀಫ್ ತೊಟ್ಟಿಲಲ್ಲಿದ್ದ. ಒಂದು ದಿನ ಕ್ಯಾಂಪಿನಲ್ಲಿ ಮಲಗಿದವರು ಏಳಲಿಲ್ಲ. ಅಲ್ಲೇ ಮಣ್ಣು ಮಾಡಿದರು. ನಮಗೆ ಸುದ್ದಿ ಮುಟ್ಟಿದ್ದು ಆಮೇಲೆ. ಈಗ ಹನೀಫನೂ ಅದೇ ಜುಬೈಲಿನಲ್ಲಿ ನೌಕರ. ಪ್ರತಿ ಪೆರ್ನಾಳಿಗೆ, ಅಂದರೆ ಹಬ್ಬಕ್ಕೆ, ಅವನು ಫೋನು ಮಾಡಿದಾಗ ಉಮ್ಮ ಗೋರಿಯ ಬಗ್ಗೆ ಕೇಳುವ ಪ್ರಶ್ನೆ ಒಂದೇ: ಉಪ್ಪನ ಖಬರಿಗೆ ಹೋಗಿ ಬಂದೆಯಾ, ಕಲ್ಲು ಸರಿ ಉಂಟಾ? ಅವನು ಉಂಟು ಎನ್ನುತ್ತಿದ್ದ. ಹೋದ ಸಲ ಮಾತ್ರ, ಅಕ್ಷರ ಸ್ವಲ್ಪ ಮಾಸಿದೆ ಎಂದುಬಿಟ್ಟ. ಉಮ್ಮನಿಗೆ ಅಷ್ಟು ಸಾಕಾಯಿತು. ಕಾರ್ಕಳದಲ್ಲಿ ದೇವರ ವಿಗ್ರಹ ಕೆತ್ತುವವನನ್ನು ಹಿಡಿದು ಹೊಸ ಕಲ್ಲು ಮಾಡಿಸಿದರು. ನಿವೃತ್ತಳಾಗಿ ಮನೆಯಲ್ಲಿ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೂತಿದ್ದ ನನ್ನ ಕೈಗೆ ಅದನ್ನು ಕೊಟ್ಟು, ಹೋಗಿ ನಿಲ್ಲಿಸಿ ಬಾ ಎಂದರು.

ಉಮ್ಮ, ಅರಬಿಯಲ್ಲಿ ಬರೆಸುವ, ಅಲ್ಲಿಯವರಿಗೆ ಓದಲಿಕ್ಕೆ ಬರುತ್ತದೆ ಎಂದು ನಾನು ಹೇಳಿ ನೋಡಿದ್ದೆ. ಅಲ್ಲಿಯವರಿಗೆ ನಿನ್ನ ಉಪ್ಪನ ಗುರುತಿಲ್ಲ, ನನಗೆ ಓದಲಿಕ್ಕೆ ಬರಬೇಕು ಎಂದರು. ಬೀಡಿ ಕಟ್ಟುತ್ತ ಸಾಕ್ಷರತಾ ತರಗತಿಯಲ್ಲಿ ಅಕ್ಷರ ಕಲಿತವರು ಅವರು. ಕನ್ನಡ ಟೀಚರಾಗಿ ಸವೆದ ನನಗಿಂತ ಅವರಿಗೇ ಅಕ್ಷರದ ಮೇಲೆ ಪ್ರೀತಿ ಹೆಚ್ಚು.

ದಮ್ಮಾಮಿನಲ್ಲಿ ಇಳಿದಾಗ ನನಗೆ ನಿದ್ದೆಯೂ ಇಲ್ಲ, ಎಚ್ಚರವೂ ಇಲ್ಲ. ಪಕ್ಕದ ಸೀಟಿನ ಮಗು ಮಂಗಳೂರಿನಿಂದ ಇಲ್ಲಿಯವರೆಗೆ ಅತ್ತಿತ್ತು. ಅದರ ತಾಯಿಯನ್ನು ನೋಡಿ ನನಗೂ ಅಳಬೇಕೆನಿಸಿತ್ತು. ಸಾಮಾನು ಪರೀಕ್ಷಿಸುವ ಯಂತ್ರದೊಳಗೆ ನನ್ನ ಸೂಟ್‌ಕೇಸು ಹೋದದ್ದೇ ತಡ, ಪರದೆಯ ಮೇಲೆ ಕಪ್ಪು ಚೌಕ ಮೂಡಿತು. ಅಧಿಕಾರಿ ಎಳೆಯ ಪ್ರಾಯದವನು, ಒಳ್ಳೆಯ ಮುಖದವನು. ಕಲ್ಲನ್ನು ಹೊರಗೆ ತೆಗೆಸಿ, ಇದೇನು ಎಂದು ಅರಬಿಯಲ್ಲಿ ಕೇಳಿದ. ನನಗೆ ಬರುವ ಹಿಂದಿಯಲ್ಲಿ ಮೀಝಾನ್ ಕಲ್ಲಿಗೆ ಪದವಿಲ್ಲ. ಟ್ರಾಲಿ ತಳ್ಳುತ್ತಿದ್ದ ಬಾಂಗ್ಲಾದವನೊಬ್ಬ ಸಹಾಯಕ್ಕೆ ಬಂದ. ಕಲ್ಲನ್ನೂ ಹಪ್ಪಳದ ಕಟ್ಟನ್ನೂ ಒಮ್ಮೆ ನೋಡಿ, ಮಸಾಲೆ ಅರೆಯುವ ಕಲ್ಲಾ ಅಮ್ಮಾ ಎಂದು ಅವನೇ ಕೇಳಿದ. ಸಾಕಾಗಿತ್ತು ನನಗೆ. ಹಾಂ ಎಂದೆ.

ಅಧಿಕಾರಿ ನಕ್ಕ. ಆಮೇಲೆ ಅಕ್ಷರಗಳ ಮೇಲೆ ಬೆರಳಾಡಿಸಿ, ಈ ಬರಹ ಏನು ಎಂದು ಕೇಳಿಸಿದ. ಕಂಪೆನಿಯ ಹೆಸರು ಎಂದೆ. ಅವನು ಕಲ್ಲನ್ನು ತನ್ನ ಕೈಯಿಂದಲೇ ಬೈರಾಸಿನಲ್ಲಿ ಸುತ್ತಿ ಒಳಗಿಟ್ಟು ಕಳಿಸಿದ. ಇಷ್ಟು ವರ್ಷದ ಮೇಲೆ ಉಪ್ಪನ ಹತ್ತಿರ ಬಂದವಳು, ಮೊದಲ ಬಾಗಿಲಲ್ಲೇ ಅವರನ್ನು ಅರೆಯುವ ಕಲ್ಲಿನ ಕಂಪೆನಿ ಮಾಡಿಬಿಟ್ಟೆನಲ್ಲ ಎಂದು ನಾಚಿಕೆಯಾಯಿತು.

ಥುಕ್ಬಾ

ಹನೀಫನಿಗೆ ಆ ದಿನ ಡ್ಯೂಟಿ. ನನ್ನನ್ನು ಕರೆದುಕೊಂಡು ಹೋಗಲು ಬಂದವರು ಅವನ ಸ್ನೇಹಿತ, ಭಟ್ಕಳದ ಜಾಫರ್ ಸಾಹೇಬರು. ಅಲ್‌ ಖೋಬರಿನ ಥುಕ್ಬಾದಲ್ಲಿ ಟೈಲರುಗಳಿಗೆ ಬೇಕಾಗುವ ದಾರ, ಗುಂಡಿ, ಲೇಸು ಮಾರುವ ಅಂಗಡಿ ಅವರದು. ತಂದೆಯ ಕಾಲದಿಂದ ಇಲ್ಲಿದ್ದಾರೆ. ಅವರ ಮನೆಮಾತು ನವಾಯತಿ, ನನ್ನದು ಬ್ಯಾರಿ, ಹಾಗಾಗಿ ಇಬ್ಬರಿಗೂ ಕನ್ನಡವೇ ಗತಿ. ಸೌದಿಯಲ್ಲಿ ನನ್ನ ಕಿವಿಗೆ ಬಿದ್ದ ಮೊದಲ ಕನ್ನಡ ವಾಕ್ಯ, "ಟೀಚರ್, ಬೆಲ್ಟ್ ಹಾಕ್ಕೊಳ್ಳಿ, ಕ್ಯಾಮೆರಾ ಉಂಟು."

ಥುಕ್ಬಾ ನೋಡಿದರೆ ಪರದೇಶ ಅನಿಸುವುದಿಲ್ಲ. ಒಂದು ಗಲ್ಲಿಯಲ್ಲಿ ಮಲಯಾಳಿಯ ಚಹಾ, ಪಕ್ಕದಲ್ಲಿ ಪಾಕಿಸ್ತಾನಿಯ ತಂದೂರಿ ರೊಟ್ಟಿ, ಎದುರಿಗೆ ಫಿಲಿಪ್ಪೀನಿನವರ ಕ್ಷೌರದಂಗಡಿ. ಎಲ್ಲರೂ ಎಲ್ಲರೊಡನೆ ಅರ್ಧಂಬರ್ಧ ಹಿಂದಿ, ಅರ್ಧಂಬರ್ಧ ಅರಬಿ ಮಾತಾಡುತ್ತಾರೆ, ಯಾರೂ ಪೂರ್ತಿ ಮಾತಾಡುವುದಿಲ್ಲ. ಎರಡು ಶಬ್ದದ ಮೇಲೆ ಮೂರನೆಯದು ಬೇಕಾದರೆ ಕೈ ಬೀಸುತ್ತಾರೆ. ಊರಿನಲ್ಲಿ ನಾವು ಒಂದು ಬೆಂಕಿಪೊಟ್ಟಣ ಕೊಳ್ಳುವಾಗಲೂ ಅಂಗಡಿಯವನ ಮಗಳ ಮದುವೆಯ ಸುದ್ದಿ ತೆಗೆಯುವವರು. ಇಲ್ಲಿ ಎಲ್ಲರ ಮುಖದಲ್ಲೂ, ಇನ್ನೂ ಬೇಗ ಮುಗಿಸಿ ಎಂಬ ಆಯಾಸ.

ಜಾಫರ್ ಸಾಹೇಬರ ಹೆಂಡತಿ ಶಾವಿಗೆ ಬಿರಿಯಾನಿ ಮಾಡಿದ್ದರು. ಉಂಡ ಮೇಲೆ, ಹನೀಫನಿಗೆ ಏನು ತಂದಿರಿ ಎಂದು ಅವರು ನಗುತ್ತ ಕೇಳಿದರು. ನಾನು ಕಲ್ಲನ್ನು ತೆಗೆದು ಚಾಪೆಯ ಮೇಲಿಟ್ಟೆ. ನಗು ನಿಂತಿತು. ಗಂಡಹೆಂಡಿರು ಮುಖ ಮುಖ ನೋಡಿಕೊಂಡರು. ನನಗೆ ಅರ್ಥವಾಗಲಿಲ್ಲ; ಕನ್ನಡ ಓದಲು ತಡವರಿಸುತ್ತಿದ್ದಾರೆ ಎಂದುಕೊಂಡು ಗಟ್ಟಿಯಾಗಿ ಓದಿಯೂ ಹೇಳಿದೆ.

"ಟೀಚರ್, ಇದನ್ನು ಇಲ್ಲಿ ಹಾಕ್ಲಿಕ್ಕೆ ಬಿಡುದಿಲ್ಲ," ಎಂದರು ಜಾಫರ್ ಸಾಹೇಬರು. "ಯಾರದಕ್ಕೂ ಇಲ್ಲ. ಇಲ್ಲಿ ರಾಜನ ಖಬರಿಗೂ ಹೆಸರಿಲ್ಲ."

ಆಮೇಲೆ ನಿಧಾನವಾಗಿ ತಿಳಿಸಿದರು. ಈ ದೇಶದಲ್ಲಿ ಗೋರಿಗೆ ಹೆಸರು ಬರೆಯುವುದಿಲ್ಲ. ಸ್ವಲ್ಪ ಏರಿಸಿದ ಮಣ್ಣು, ತಲೆಯ ಕಡೆ ಒಂದು ಕಾಡುಕಲ್ಲು, ಅಷ್ಟೇ. ದೊರೆಯೂ ಒಂದೇ, ಪೈಪು ಜೋಡಿಸುವವನೂ ಒಂದೇ. ನಮ್ಮೂರಿನಲ್ಲೂ ಈಚೆಗೆ ಕಲ್ಲಿಗೆ ಹೆಸರು ಬೇಡ ಎನ್ನುವವರು ಇದ್ದಾರೆ, ಅವರ ವಾದ ನನಗೆ ಗೊತ್ತಿತ್ತು, ತಪ್ಪೂ ಅನ್ನಿಸಿರಲಿಲ್ಲ. ಆದರೆ ಹಾಗಾದರೆ ಹನೀಫ್ ಪ್ರತಿ ಪೆರ್ನಾಳಿಗೆ ನೋಡಿ ಬರುತ್ತಿದ್ದ ಕಲ್ಲು ಯಾವುದು? ಜಾಫರ್ ಸಾಹೇಬರ ಹೆಂಡತಿ ಎದ್ದು ಹೋಗಿ, ಯಾರೂ ಕೇಳದಿದ್ದರೂ ಇನ್ನೊಂದು ಸುತ್ತು ಚಹಾ ತಂದರು.

ಜುಬೈಲ್

ಜುಬೈಲಿನ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಉದ್ದಕ್ಕೂ ಪೈಪುಗಳು, ಚಿಮಣಿಗಳು, ಅವುಗಳ ತುದಿಯಲ್ಲಿ ಹಗಲಲ್ಲೂ ಉರಿಯುವ ಬೆಂಕಿ. ಬೆಳಿಗ್ಗೆ ಕಂಪೆನಿ ಬಸ್ಸುಗಳು ಕ್ಯಾಂಪುಗಳಿಂದ ಜನರನ್ನು ತುಂಬಿಕೊಂಡು ಹೋಗುತ್ತವೆ, ಸಂಜೆ ತಂದು ಸುರಿಯುತ್ತವೆ. ಕಿಟಕಿಗೆ ತಲೆ ಆನಿಸಿ ಎಲ್ಲರೂ ನಿದ್ದೆ ಮಾಡುತ್ತಿರುತ್ತಾರೆ. ಯಾವ ದೇಶದವನು ಎಂದು ನಿದ್ದೆಯಲ್ಲಿ ಗೊತ್ತಾಗುವುದಿಲ್ಲ. ಈ ಪೈಪುಗಳಲ್ಲಿ ಯಾವುದೋ ಒಂದನ್ನು ನಮ್ಮ ಉಪ್ಪ ಜೋಡಿಸಿರಬೇಕು ಎಂದು ನಾನು ಮೊದಲ ದಿನ ಹುಡುಕುವ ಕಣ್ಣಿನಿಂದ ನೋಡಿದೆ. ಎರಡನೆಯ ದಿನ ನೋಡುವುದನ್ನು ಬಿಟ್ಟೆ.

ಹನೀಫ್ ಬಸ್ಸಿಳಿದು ಬಂದಾಗ ಅವನ ಸಮವಸ್ತ್ರದ ತುಂಬ ಬೆವರಿನ ಉಪ್ಪು. ಕಲ್ಲು ಅವನ ಕೋಣೆಯ ಮೇಜಿನ ಮೇಲಿತ್ತು. ಅವನು ಅದನ್ನು ನೋಡಿದ, ಕೈಕಾಲು ತೊಳೆದು ಬಂದ, ಮತ್ತೊಮ್ಮೆ ನೋಡಿದ. ನಾವಿಬ್ಬರೂ ಮಾತಾಡಿದ್ದು ಬ್ಯಾರಿಯಲ್ಲಿ. ಕನ್ನಡ ಮಾಡಿ ಬರೆಯುತ್ತಿದ್ದೇನೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವನು ಉಪ್ಪನ ಗೋರಿಯನ್ನು ಹುಡುಕಿಕೊಂಡು ಹೋಗಿದ್ದನಂತೆ. ಕಾವಲುಗಾರ ಇಡೀ ಬಯಲಿನ ಕಡೆ ಕೈ ತೋರಿಸಿದ. ಎಲ್ಲ ಒಂದೇ ತರಹದ ಮಣ್ಣಿನ ದಿಬ್ಬ, ಒಂದೇ ತರಹದ ಕಲ್ಲು. ಉಪ್ಪನ ಜೊತೆಗಿದ್ದವರು ಯಾರೂ ಈಗ ಇಲ್ಲಿಲ್ಲ, ಕೆಲವರು ಎಲ್ಲಿಯೂ ಇಲ್ಲ. ಬಿಸಿಲಿನಲ್ಲಿ ಸ್ವಲ್ಪ ಹೊತ್ತು ನಿಂತು ವಾಪಸು ಬಂದ. ಅದೇ ಸಂಜೆ ಉಮ್ಮನ ಫೋನು ಬಂತು.

"ಕಲ್ಲುಂಟಾ ಅಂತ ಕೇಳಿದರು. ಅವರ ಸ್ವರ ಕೇಳಿ ಇಲ್ಲ ಅನ್ನಲಿಕ್ಕೆ ಆಗಲಿಲ್ಲ ಅಕ್ಕ, ಉಂಟು ಅಂದೆ. ಮತ್ತೆ ಪ್ರತಿ ಪೆರ್ನಾಳಿಗೂ ಅದೇ ಉಂಟು."

ಒಂದು ಉಂಟಿನ ಮೇಲೆ ಉಮ್ಮ ವರ್ಷ ವರ್ಷ ಒಂದೊಂದು ಪ್ರಶ್ನೆ ಇಟ್ಟರು. ಹತ್ತಿರ ಮರ ಉಂಟಾ? ನೆರಳು ಬೀಳ್ತದಾ? ಅಕ್ಷರ ಕಾಣ್ತದಾ? ಅವನು ಮಾತಿನಲ್ಲೇ ಮರ ನೆಟ್ಟ, ನೆರಳು ಕೊಟ್ಟ, ಕೊನೆಗೆ ಬೇಸತ್ತು ಅಕ್ಷರ ಮಾಸಿದೆ ಎಂದ. ಹಾಗೆ ಮಾಸಿದ್ದು, ಇಲ್ಲದ ಕಲ್ಲಿನ ಮೇಲಿನ ಇಲ್ಲದ ಅಕ್ಷರ. ಅದಕ್ಕೆ ಬದಲಿಯಾಗಿ ನಿಜವಾದ ಕಲ್ಲು ಮಾಡಿಸಿ, ನಿಜವಾದ ಮೊಣಕಾಲು ನೋವಿನ ಮಗಳ ಕೈಯಲ್ಲಿ ಉಮ್ಮ ಕಳಿಸಿದ್ದರು. ನನಗೆ ಅವನಿಗೆ ಹೊಡೆಯಬೇಕು ಅನ್ನಿಸಿತು. ಅವನ ತಲೆಯಲ್ಲೂ ಅರ್ಧ ಬಿಳಿಕೂದಲು ಕಂಡು ಸುಮ್ಮನಾದೆ.

ಈಗ ಉಮ್ಮನಿಗೆ ಏನು ಹೇಳುವುದು? ಅವರ ಕಣ್ಣು ಮಂಜಾಗುತ್ತ ಬಂದಿದೆ. ಕಲ್ಲು ನಿಂತದ್ದರ ಫೋಟೋವನ್ನು ನೋಡಿಯೇ ನಾನು ಕಣ್ಣು ಮುಚ್ಚಬೇಕು ಎಂದು ಹೊರಡುವಾಗ ನನ್ನ ಕೈ ಹಿಡಿದು ಹೇಳಿದ್ದರು. ಹನೀಫನೇ ದಾರಿ ಹೇಳಿದ: ಊರ ಹೊರಗೆ ಎಲ್ಲಾದರೂ ಮರಳಿನಲ್ಲಿ ಕಲ್ಲನ್ನು ನಿಲ್ಲಿಸುವ, ಒಂದು ಫೋಟೋ ತೆಗೆಯುವ, ಕಳಿಸುವ. ಉಮ್ಮನಿಗೆ ಸಮಾಧಾನ, ನಮಗೂ ಸಮಾಧಾನ. ನಾನು ಮಕ್ಕಳಿಗೆ ಸತ್ಯವನ್ನೇ ನುಡಿಯಿರಿ ಎಂದು ಕಪ್ಪು ಹಲಗೆಯ ಮೇಲೆ ಬರೆದು ಪಿಂಚಣಿ ತೆಗೆದುಕೊಳ್ಳುತ್ತಿರುವವಳು. ಆದರೂ ಹೂಂ ಎಂದೆ. ದಣಿದವರಿಗೆ ಸುಳ್ಳು ಬಹಳ ಹತ್ತಿರದ ದಾರಿ.

ಎಲ್ಲಿ ಎಂಬ ಪ್ರಶ್ನೆ ಬಂದಾಗ ಥಾಜ್ ಎಂದು ಹೇಳಿದವಳು ನಾನೇ. ಶಾಸನಗಳ ಹುಚ್ಚು ನನಗೆ ಮೊದಲಿನಿಂದಲೂ ಇತ್ತು. ಬಾರ್ಕೂರಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ ಕಲ್ಲಿನ ಮುಂದೆ ಬಿಸಿಲಿನಲ್ಲಿ ನಿಲ್ಲಿಸಿ ಅವರ ಶಾಪ ತಿಂದವಳು. ಜುಬೈಲಿನಿಂದ ಒಳನಾಡಿಗೆ ಹೋದರೆ ಥಾಜ್ ಎಂಬಲ್ಲಿ ಸತ್ತುಹೋದ ಒಂದು ಭಾಷೆಯ ಕಲ್ಲುಗಳು ಸಿಕ್ಕಿವೆ ಎಂದು ಎಲ್ಲೋ ಓದಿದ್ದೆ. ಹೇಗೂ ಮರಳಿಗೆ ಹೋಗುವುದಾದರೆ ಅಲ್ಲಿಗೇ ಹೋಗುವ ಎಂದೆ.

ಥಾಜ್

ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿದ ಮೇಲೆ ಹೊರಟೆವು. ಜಾಫರ್ ಸಾಹೇಬರು ಕಾರು ನಡೆಸಿದರು, ಹನೀಫ್ ಮುಂದೆ, ನಾನು ಹಿಂದೆ, ಕಲ್ಲು ನನ್ನ ಕಾಲ ಬುಡದಲ್ಲಿ. ಧೂಳುಗಾಳಿ ಎದ್ದು ಆಕಾಶವೂ ನೆಲವೂ ಒಂದೇ ಬಣ್ಣವಾಗಿತ್ತು. ಒಂದು ಕಡೆ ದಾರಿ ತಪ್ಪಿ ಯಾರದೋ ಒಂಟೆ ಸಾಕುವ ಬೇಲಿಯೊಳಗೆ ಹೋದೆವು. ಒಂಟೆಗಳು ತಲೆಯೆತ್ತಿ ನಮ್ಮನ್ನು ನೋಡಿದ ರೀತಿ, ನಮ್ಮ ಊರಿನ ಪಂಚಾಯಿತಿ ಕಚೇರಿಯ ಗುಮಾಸ್ತರು ನೋಡುವ ಹಾಗೆಯೇ ಇತ್ತು. ಊಟದ ಹೊತ್ತಿಗೆ ಯಾಕೆ ಬಂದಿರಿ ಎಂಬ ನೋಟ.

ಥಾಜ್ ಈಗ ಸಣ್ಣ ಹಳ್ಳಿ. ಪಕ್ಕದಲ್ಲಿ ಉದ್ದಕ್ಕೂ ತಂತಿಬೇಲಿ, ಅದರೊಳಗೆ ಎರಡು ಸಾವಿರ ವರ್ಷಕ್ಕೂ ಹಿಂದಿನ ಪಟ್ಟಣದ ಗೋಡೆಯ ಬುಡ, ಮಣ್ಣಿನ ದಿಬ್ಬಗಳು. ಗೇಟಿಗೆ ಬೀಗ. ನಾನು ನೋಡಬೇಕೆಂದಿದ್ದ ಕಲ್ಲುಗಳು ಯಾವುದೂ ಅಲ್ಲಿಲ್ಲ. ಯಾವತ್ತೋ ವಸ್ತುಸಂಗ್ರಹಾಲಯಗಳಿಗೆ ಹೋಗಿವೆ. ಇಷ್ಟು ದೂರ ಬಂದು ಬೇಲಿ ನೋಡುವ ಭಾಗ್ಯ. ನನಗೆ ಸಿಟ್ಟೂ ಬರಲಿಲ್ಲ, ಸಿಟ್ಟಿಗೂ ತ್ರಾಣ ಬೇಕಲ್ಲ.

ಹನೀಫ್ ಬೇಲಿಯ ಹೊರಗೆ ಮರಳು ಕೆದಕಿ ಕಲ್ಲನ್ನು ನಿಲ್ಲಿಸತೊಡಗಿದ. ಒಮ್ಮೆ ವಾಲಿತು, ಮತ್ತೆ ನಿಲ್ಲಿಸಿದ. ಜಾಫರ್ ಸಾಹೇಬರು ಎಲ್ಲಿಂದಲೋ ನಾಲ್ಕು ಬೆಣಚುಕಲ್ಲು ತಂದು ಬುಡಕ್ಕೆ ಇಟ್ಟರು. ನನಗೆ ಅದನ್ನು ನೋಡಲು ಮನಸ್ಸಾಗದೆ, ಗೇಟಿನ ಪಕ್ಕದ ಮಾಹಿತಿ ಫಲಕ ಓದಲು ಹೋದೆ. ಅರಬಿಯ ಕೆಳಗೆ ಇಂಗ್ಲಿಷ್ ಇತ್ತು, ಒಂದು ಗೋರಿಕಲ್ಲಿನ ಚಿತ್ರವೂ ಇತ್ತು.

ಆ ಭಾಷೆಗೆ ವಿದ್ವಾಂಸರು ಹಸಾಯಿಟಿಕ್ ಎಂದು ಹೆಸರಿಟ್ಟಿದ್ದಾರೆ, ಈ ಹಸಾ ಸೀಮೆಯದು ಎಂಬ ಕಾರಣಕ್ಕೆ. ಅದನ್ನು ಆಡುತ್ತಿದ್ದವರು ಅದಕ್ಕೆ ಏನೆನ್ನುತ್ತಿದ್ದರೋ ಗೊತ್ತಿಲ್ಲ. ಉಳಿದಿರುವುದು ಸ್ವಲ್ಪವೇ ಕಲ್ಲುಗಳು, ಅವೂ ಹೆಚ್ಚಿನವು ಗೋರಿಯ ಕಲ್ಲುಗಳು. ಹಾಗಾಗಿ ಆ ಭಾಷೆಯಲ್ಲಿ ಗೋರಿ ಎನ್ನಲು ಏನು ಪದ ಎಂದು ಗೊತ್ತು. ಮಗ, ಮಗಳು, ಮನೆತನ ಗೊತ್ತು. ಹಸಿವಾಗುತ್ತಿದೆ, ಬಾಗಿಲು ಹಾಕು, ಮಳೆ ಬಂತು, ಇವಕ್ಕೆಲ್ಲ ಏನೆನ್ನುತ್ತಿದ್ದರೋ ಯಾರಿಗೂ ಗೊತ್ತಿಲ್ಲ. ಚಿತ್ರದ ಕಲ್ಲು ಒಬ್ಬ ಹೆಂಗಸಿನದು. ಅವಳ ಹೆಸರು, ಅವಳ ತಾಯಿಯ ಹೆಸರು, ಆ ತಾಯಿಯ ತಾಯಿ, ಅವಳ ತಾಯಿ. ಗಂಡಸರ ಸುದ್ದಿಯೇ ಇಲ್ಲ. ನಮ್ಮ ಜಿಲ್ಲೆಯ ಅಳಿಯಕಟ್ಟಿನ ಮನೆಗಳಲ್ಲಿ ತಾಯಿಯ ಕಡೆಯಿಂದ ಲೆಕ್ಕ ಹಿಡಿಯುವುದನ್ನು ನೋಡಿ ಬೆಳೆದವಳು ನಾನು. ನೆಂಟರ ಮನೆ ಸಿಕ್ಕಿದ ಹಾಗಾಯಿತು.

ಓದಿ ಮುಗಿಸಿದಾಗ ತಲೆಗೆ ಒಂದು ಯೋಚನೆ ಹೊಕ್ಕಿತು, ಹೊಕ್ಕಿದ್ದು ಹೊರಡಲಿಲ್ಲ. ಒಂದು ಭಾಷೆಯಲ್ಲಿ ಉಳಿದದ್ದೇ ಇಷ್ಟು ಕಲ್ಲು. ಇದರ ಅಡಿಯಲ್ಲಿ ಈ ಹೆಂಗಸು ಮಲಗಿದ್ದಾಳೆ ಎಂದು ಬರೆದದ್ದನ್ನು ನಾವು ನಂಬಿದ್ದೇವೆ. ಇವುಗಳಲ್ಲಿ ಒಂದು, ಯಾರೋ ಅಕ್ಕ ತಮ್ಮ ಸೇರಿ ತಾಯಿಯನ್ನು ಸಮಾಧಾನ ಮಾಡಲಿಕ್ಕೆ ಬರಿಯ ಮರಳಿನಲ್ಲಿ ನಿಲ್ಲಿಸಿದ ಕಲ್ಲಾಗಿದ್ದರೆ? ಕನ್ನಡವೂ ಒಂದು ದಿನ ಹೋಗಿ, ಉಳಿದ ಒಂದೇ ಕಲ್ಲು ಹನೀಫ್ ಈಗ ನೆಡುತ್ತಿರುವುದೇ ಆಗಿದ್ದರೆ? ಇಲ್ಲಿ ಮೊಯ್ದಿನಬ್ಬ ಮಲಗಿದ್ದಾನೆ ಎಂದು ಓದಿದವರು ಅಗೆದು ನೋಡಿದರೆ ಮರಳು. ಭಾಷೆಯೇ ಸುಳ್ಳಾಯಿತಲ್ಲ.

ಬೇಡ ಎಂದು ಹೇಳಲು ತಿರುಗುವಷ್ಟರಲ್ಲಿ ಹನೀಫ್ ಫೋಟೋ ತೆಗೆದಾಗಿತ್ತು, ಒಂದು ಪಿಕಪ್ ಗಾಡಿ ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಇಳಿದವರು ಆ ಜಾಗದ ಕಾವಲಿನವರು, ನೆರೆತ ಗಡ್ಡದ ಹಿರಿಯರು. ಅವರಿಗೆ ಕಂಡದ್ದು ಇಷ್ಟು: ಪುರಾತನ ಸ್ಥಳದ ಬೇಲಿಯ ಪಕ್ಕ ಮೂವರು ಪರದೇಶಿಗಳು, ಕೆದಕಿದ ನೆಲ, ಯಾವುದೋ ಲಿಪಿ ಕೊರೆದ ಕಪ್ಪು ಕಲ್ಲು, ಕೈ ತುಂಬ ಮಣ್ಣಾದ ನನ್ನ ತಮ್ಮ. ಅಗೆದು ಕದಿಯುತ್ತಿದ್ದೇವೆ ಎಂದು ಅವರು ತಿಳಿದರೆ ಅದರಲ್ಲಿ ತಪ್ಪೇನಿದೆ. ಕಾರಿನ ಕೀಲಿ ಕೊಡಿ ಎಂದು ಕೈ ಚಾಚಿದರು. ಹನೀಫನ ಮುಖ ಬಿಳಿಚಿತು. ಅವನ ಇಕಾಮಾ, ಅಂದರೆ ಇಲ್ಲಿ ಇರಲು ಕೊಟ್ಟ ಪರವಾನಗಿ, ಅದರ ಮೇಲೆ ನಿಂತಿದೆ ಅವನ ಸಂಸಾರ.

ಜಾಫರ್ ಸಾಹೇಬರು ಅರಬಿಯಲ್ಲಿ ಬೆವರುತ್ತ ವಿವರಿಸಿದರು: ಇದು ನಮ್ಮದೇ, ಇಂಡಿಯಾದಿಂದ ತಂದದ್ದು. ಹಿರಿಯರು ಕುಕ್ಕರಗಾಲಿನಲ್ಲಿ ಕೂತು ಅಕ್ಷರದ ಮೇಲಿನ ಮರಳನ್ನು ಅಂಗೈಯಲ್ಲಿ ಒರೆಸಿದರು. ಏನು ಬರೆದಿದೆ ಎಂದು ಕೇಳಿದರು. ಜಾಫರ್ ಸಾಹೇಬರು ನನ್ನ ಮುಖ ನೋಡಿದರು. ಅರೆಯುವ ಕಲ್ಲು, ಕಂಪೆನಿಯ ಹೆಸರು ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು.

"ನನ್ನ ಉಪ್ಪನ ಹೆಸರು ಅಂತ ಹೇಳಿ," ಎಂದೆ. "ಅವರು ಜುಬೈಲಿನ ಮಣ್ಣಲ್ಲಿದ್ದಾರೆ. ಕಲ್ಲು ನಮ್ಮ ಉಮ್ಮ ಕಳಿಸಿದ್ದು."

ಕೇಳಿಸಿಕೊಂಡು ಹಿರಿಯರು ತಲೆ ತಗ್ಗಿಸಿ, ಅಲ್ಲಾಹನು ಅವರಿಗೆ ಕರುಣೆ ತೋರಲಿ ಎಂದು ಪ್ರಾರ್ಥಿಸಿದರು. ಆಮೇಲೆ ನಿಜಕ್ಕೂ ಅರ್ಥವಾಗದವರ ಹಾಗೆ ಒಂದು ಪ್ರಶ್ನೆ ಕೇಳಿದರು. ಜಾಫರ್ ಸಾಹೇಬರು ಅದನ್ನು ಕನ್ನಡ ಮಾಡಲು ಸ್ವಲ್ಪ ಹಿಂಜರಿದರು.

"ಅವರು ಜುಬೈಲಲ್ಲಿದ್ರೆ ಕಲ್ಲು ಇಲ್ಲಿ ಎಂತಕ್ಕೆ ಅಂತ ಕೇಳ್ತಿದ್ದಾರೆ."

ಹನೀಫ್ ಕೈಯ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಂಡ. ಹಿರಿಯರು ಹೆಚ್ಚು ಕೆದಕಲಿಲ್ಲ. ಕಲ್ಲನ್ನು ಅವರೇ ಮರಳಿನಿಂದ ಎಬ್ಬಿಸಿ ನನ್ನ ಕೈಗೆ ಕೊಟ್ಟರು. ಇಂಥದ್ದನ್ನು ಇಲ್ಲಿ ಬಿಟ್ಟು ಹೋಗಬೇಡಿ, ಮನೆಗೆ ಒಯ್ಯಿರಿ ಎಂದರು. ಗಾಡಿಯಿಂದ ಫ್ಲಾಸ್ಕು ತೆಗೆದು, ಏಲಕ್ಕಿ ಹಾಕಿದ ಕಹಿ ಕಾಫಿಯನ್ನು ಪುಟ್ಟ ಬಟ್ಟಲಿನಲ್ಲಿ ಕೊಟ್ಟರು, ಖರ್ಜೂರ ಕೊಟ್ಟರು. ನಾನು ಕುಡಿದಷ್ಟೂ ಮತ್ತೆ ತುಂಬಿಸಿದರು. ಕೊಟ್ಟದ್ದನ್ನು ಮುಗಿಸದೆ ಇಡುವುದು ಮರ್ಯಾದೆಯಲ್ಲ ಎಂದು ನಾನು ಕುಡಿಯುತ್ತಲೇ ಹೋದೆ. ಸಾಕಾದರೆ ಬಟ್ಟಲನ್ನು ಸ್ವಲ್ಪ ಅಲ್ಲಾಡಿಸಿ ಕೊಡಬೇಕು ಎಂದು ಜಾಫರ್ ಸಾಹೇಬರಿಗೆ ನೆನಪಾಗಿ ಹೇಳುವಷ್ಟರಲ್ಲಿ ನನ್ನ ಎದೆ ಡವಗುಟ್ಟುತ್ತಿತ್ತು. ನಮ್ಮೂರಿನಲ್ಲಿ ಮೂರು ಸಲ ಬೇಡ ಎಂದರೂ ಹಾಕುತ್ತಾರೆ. ಇಲ್ಲಿ ಬಾಯಿ ಬಿಡದೆ ಬೇಡ ಎನ್ನಬಹುದು, ಕಲಿಯಬೇಕು ಅಷ್ಟೇ.

ಕಾರು ಹತ್ತಿದ ಮೇಲೆ, ಫೋಟೋ ಅಳಿಸು ಎಂದು ಹನೀಫನಿಗೆ ಹೇಳಿದೆ. ಅವನು ಯಾಕೆ ಎಂದು ಕೇಳಲಿಲ್ಲ. ಹಾಗಾದರೆ ಉಮ್ಮನಿಗೆ ಏನು ತೋರಿಸುವುದು ಎಂದು ಕೇಳಿದ. ಇದ್ದದ್ದನ್ನು ಎಂದೆ.

ಜುಬೈಲ್, ಗೋಡೆಯ ಹೊರಗೆ

ಇಲ್ಲಿ ಹೆಂಗಸರು ಸ್ಮಶಾನದೊಳಗೆ ಹೋಗುವಂತಿಲ್ಲ. ನಮ್ಮೂರಿನಲ್ಲೂ ನಾವು ಹೋಗುವುದಿಲ್ಲ, ಆದರೆ ಮಸೀದಿಯ ಗೋಡೆ ಅಲ್ಲಿ ತಗ್ಗು. ಬಸ್ಸಿನಲ್ಲಿ ಕೂತರೂ ಕಲ್ಲುಗಳು ಕಾಣುತ್ತವೆ. ಇಲ್ಲಿಯ ಗೋಡೆ ಎತ್ತರ. ಮರುದಿನ ಇಳಿಹೊತ್ತಿನ ಅಸರ್ ನಮಾಜು ಕಳೆದು ಹನೀಫ್ ಒಳಗೆ ಹೋದ. ನಾನು ಕಾರಿನಲ್ಲಿ ಕೂತೆ, ಕಲ್ಲು ಕಾಲ ಬುಡದಲ್ಲಿ. ಮೂವರೂ ಒಂದೇ ವೀಡಿಯೊ ಕರೆಯಲ್ಲಿ: ಊರಿನಲ್ಲಿ ನನ್ನ ಮಗಳು ಹಿಡಿದ ಫೋನಿನಲ್ಲಿ ಉಮ್ಮ, ಒಳಗೆ ಹನೀಫ್, ಹೊರಗೆ ನಾನು. ಹಾಗೆ ನೋಡಿದರೆ, ಹನೀಫನ ಅಂಗೈಯಲ್ಲಿ ಕೂತು ಉಮ್ಮ ಒಳಗೆ ಹೋದರು, ಇಷ್ಟು ದೂರ ಬಂದ ನಾನು ಗೋಡೆಯ ಹೊರಗೇ ಉಳಿದೆ.

ಹನೀಫ್ ಫೋನನ್ನು ನಿಧಾನವಾಗಿ ತಿರುಗಿಸಿದ. ಕಣ್ಣು ಹೋದಷ್ಟೂ ಮಣ್ಣಿನ ಸಣ್ಣ ಏರುಗಳು, ಪ್ರತಿಯೊಂದರ ತಲೆಗೆ ಒಂದು ಬೋಳುಕಲ್ಲು. ಮರವಿಲ್ಲ, ನೆರಳಿಲ್ಲ. ಉಮ್ಮ ಕನ್ನಡಕವನ್ನು ಒರೆಸಿ ಮತ್ತೆ ಹಾಕಿಕೊಂಡು ಫೋನಿಗೆ ಮುಖ ತಾಗಿಸಿದರು.

"ಯಾವುದು?" ಎಂದು ಕೇಳಿದರು.

"ಗೊತ್ತಿಲ್ಲ ಉಮ್ಮ. ಇಲ್ಲಿ ಯಾರಿಗೂ ಹೆಸರು ಹಾಕುವುದಿಲ್ಲ."

"ಹಾಗಾದರೆ ನೀನು ಇಷ್ಟು ವರ್ಷ ನೋಡಿದ ಕಲ್ಲು?"

"ನೋಡಲಿಲ್ಲ. ಸುಳ್ಳು ಹೇಳಿದೆ."

ಉಮ್ಮ ಅತ್ತುಬಿಟ್ಟರೆ, ಬಯ್ದುಬಿಟ್ಟರೆ ಸಾಕಿತ್ತು. ಅವರು ಆ ಬಯಲನ್ನು ನೋಡುತ್ತಲೇ ಇದ್ದರು. ಆಮೇಲೆ, ಇನ್ನೊಮ್ಮೆ ತಿರುಗಿಸು ಎಂದರು. ಅವನು ತಿರುಗಿಸಿದ.

"ಎಲ್ಲರಿಗೂ ಸಲಾಂ ಹೇಳು," ಎಂದರು ಉಮ್ಮ. "ಅವರಲ್ಲಿ ಅವರೂ ಇದ್ದಾರಲ್ಲ."

ಹನೀಫ್ ಸಲಾಂ ಹೇಳಿದ. ಹೇಳುತ್ತಲೇ ಅತ್ತುಬಿಟ್ಟ. ಅವನು ಅಳುವುದನ್ನು ನಾನು ಕೊನೆಯ ಸಲ ನೋಡಿದ್ದು ಅವನು ತೊಟ್ಟಿಲಲ್ಲಿದ್ದಾಗ. ನಾನೂ ಅತ್ತೆ. ಅವನು ಹೊರಗೆ ಬಂದು ಕಾರಿನ ಬಾಗಿಲು ಹಾಕಿದ ಮೇಲೆಯೂ ಉಮ್ಮ ಫೋನು ಇಟ್ಟಿರಲಿಲ್ಲ. ಅವನ ಹತ್ತಿರ ಮಾತ್ರ ಮಾತಾಡಲಿಲ್ಲ, ಮುಂದೆ ಎರಡು ದಿನವೂ ಮಾತಾಡಲಿಲ್ಲ. ನನ್ನನ್ನು ಕೇಳಿದರು, ಕಲ್ಲು ಎಲ್ಲಿ? ಕಾಲ ಹತ್ತಿರ ಉಂಟು ಎಂದೆ. ಏನು ಹೇಳುವುದು ಎಂದು ತೋಚದೆ, ಥಾಜಿನ ಆ ಹೆಂಗಸಿನ ಸುದ್ದಿ ಹೇಳಿದೆ: ಅವಳ ಭಾಷೆ ಹೋಯಿತು, ಊರು ಹೋಯಿತು, ಅವಳ ಕಲ್ಲಿನಲ್ಲಿ ಅವಳ ತಾಯಿ, ತಾಯಿಯ ತಾಯಿ, ಅವಳ ತಾಯಿಯ ಹೆಸರು ಮಾತ್ರ ಉಂಟು ಎಂದು. ಆ ಹೊತ್ತಿಗೆ ಅದು ಬೇಡದ ಪಾಠ ಅನ್ನಿಸಿ ನನಗೇ ಬೇಜಾರಾಯಿತು.

ಉಳ್ಳಾಲ

ವಾಪಸು ಬರುವಾಗ ದಮ್ಮಾಮಿನ ಯಂತ್ರದಲ್ಲಿ ಮತ್ತೆ ಅದೇ ಕಪ್ಪು ಚೌಕ. ಈ ಸಲದ ಅಧಿಕಾರಿ ಬೇರೆ. ಇದೇನು ಎಂದು ಇಂಗ್ಲಿಷಿನಲ್ಲೇ ಕೇಳಿದ. ನನ್ನ ತಂದೆಯ ಗೋರಿಯ ಕಲ್ಲು, ಮನೆಗೆ ಒಯ್ಯುತ್ತಿದ್ದೇನೆ ಎಂದೆ. ಅವನು ಒಂದು ಕ್ಷಣ ನೋಡಿ, ಕೈ ಬೀಸಿ ಬಿಟ್ಟ. ನಿಜ ಹೇಳಿದರೆ ಇಷ್ಟು ಸುಲಭ ಎಂದು ಗೊತ್ತಿದ್ದರೆ ಬರುವಾಗಲೇ ಹೇಳುತ್ತಿದ್ದೆ.

ಮನೆ ಮುಟ್ಟಿ ಕಲ್ಲನ್ನು ಉಮ್ಮನ ಮಂಚದ ಮೇಲಿಟ್ಟೆ. ಉಮ್ಮ ಬೈರಾಸು ಬಿಡಿಸಿ, ಬೆರಳಿಟ್ಟು ಒಂದೊಂದೇ ಅಕ್ಷರವಾಗಿ ಉಪ್ಪನ ಹೆಸರು ಓದಿದರು. ಒತ್ತಕ್ಷರದ ಮೂಲೆಯಲ್ಲಿ ಥಾಜಿನ ಮರಳು ಇನ್ನೂ ಕೂತಿತ್ತು, ಅದನ್ನು ಉಗುರಿನಿಂದ ತೆಗೆಯಲು ಹೋದವರು ಬೇಡ ಎಂದು ಬಿಟ್ಟರು. ಆಮೇಲೆ ಕಲ್ಲನ್ನು ಮಗುಚಿ ಹಾಕಿದರು. ಹಿಂದಿನ ಬದಿ ನುಣುಪಾಗಿ ಖಾಲಿಯಿತ್ತು.

"ಇಲ್ಲಿ ನನ್ನದು ಹಾಕಿಸು," ಎಂದರು. "ಅವರಿಗೆ ಅಲ್ಲಿ ಇಡ್ಲಿಕ್ಕೆ ಬಿಡದಿದ್ದರೆ ಬೇಡ. ನನ್ನ ತಲೆಯ ಹತ್ತಿರ ಇಬ್ಬರೂ ಇರುವ. ನಮ್ಮ ಮಸೀದಿಯವರು ಎಂತ ಹೇಳ್ತಾರೋ ನಾನು ನೋಡಿಕೊಳ್ತೇನೆ."

ಹೂಂ ಎಂದೆ. ಬರೆದುಕೋ ಎಂದರು. ಪೆನ್ನು ತಂದೆ.

"ಆಯಿಸಮ್ಮ. ಕತೀಜಮ್ಮನ ಮಗಳು. ಅವರು ಬೀಪಾತುಮ್ಮನ ಮಗಳು. ಅವರು..."

ಅಲ್ಲಿ ನಿಂತರು. ಬಾಯಿ ಸ್ವಲ್ಪ ತೆರೆದೇ ಇತ್ತು. ಬೀಪಾತುಮ್ಮನ ತಾಯಿಯಾದ ಆ ಅಜ್ಜಿ ಬಾವಿಕಟ್ಟೆಯಲ್ಲಿ ಕೂತು ಮೀನು ಕೊಯ್ಯುತ್ತಿದ್ದದ್ದು ನೆನಪಿದೆ, ಕಿವಿಯ ತುಂಬ ಅಲಿಕತ್ತು ಹಾಕಿದ್ದು ನೆನಪಿದೆ, ಮನೆಯವರೆಲ್ಲ ಅವರನ್ನು ಉಮ್ಮ ಎಂದೇ ಕರೆಯುತ್ತಿದ್ದದ್ದು ನೆನಪಿದೆ. ಹೆಸರು ಹಿಡಿದು ಕರೆದವರನ್ನು ನನ್ನ ಉಮ್ಮ ಕಂಡಿಲ್ಲ.

"ನಾಳೆ ನೆನಪಾಗ್ತದೆ," ಎಂದರು ಕೊನೆಗೆ. "ಕಾರ್ಕಳದವನಿಗೆ ಹೇಳು, ಜಾಗ ಬಿಡಲಿ."

ಕಾರ್ಕಳದವನು ಮೂರು ಹೆಸರು ಕೆತ್ತಿ, ಕೆಳಗೆ ಒಂದು ಸಾಲಿನಷ್ಟು ಜಾಗ ಬಿಟ್ಟು ಕೊಟ್ಟಿದ್ದಾನೆ. ಕಲ್ಲು ಉಮ್ಮನ ಮಂಚದ ಅಡಿಯಲ್ಲಿದೆ. ಆ ಹೆಸರು ಇನ್ನೂ ನೆನಪಾಗಿಲ್ಲ.